ಹೆಬ್ಬೆಟ್ಟು ಒತ್ತಿದರೆ ಪಾಠವಾಯಿತೆ?

(ನಮ್ಮ ಸಂಘದ ಭಾನುವಾರದ ಸಭೆಯಲ್ಲಿ ಒಬ್ಬ ಉಪಾಧ್ಯಾಯರು ಮಾಡಿದ ಭಾಷಣ)



ಶಾಲೆಯ ಪಾಠದಲ್ಲಿ ಫೋನು, ವಾಟ್ಸಾಪು, ಯೂಟ್ಯೂಬು ಇವುಗಳ ಉಪಯೋಗವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಹೇಳಿಕಳುಹಿಸಿದಾಗ ನಾನು ಮೊದಲು ಹಿಂಜರಿದೆ. ನಾನು ಯಂತ್ರಗಳ ವಿಷಯ ಬಲ್ಲವನಲ್ಲ. ಈ ಹೈದರಾಬಾದು ನಗರದ ಒಂದು ಶಾಲೆಯಲ್ಲಿ ಬಹಳ ವರ್ಷ ಕನ್ನಡ ಪಾಠ ಹೇಳಿದವನು, ಅಷ್ಟೆ. ಆಮೇಲೆ ಯೋಚಿಸಿದೆ: ಈ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಂಡರೆ ಕೆಲವರ ಮಕ್ಕಳಿಗಾದರೂ ಅದರಿಂದ ಪ್ರಯೋಜನವಾದೀತು. ಆ ಧೈರ್ಯದ ಮೇಲೆ ಬಂದು ನಿಂತಿದ್ದೇನೆ. ನಿಮ್ಮಲ್ಲಿ ಕೆಲವರು ರಾತ್ರಿ ಪಾಳಿ ಮುಗಿಸಿ ಕಣ್ಣು ಮುಚ್ಚದೆ ಬಂದಿದ್ದೀರಿ. ಕೆಲವರು ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಬಂದು, ಸಂಜೆಯ ತಿಂಡಿಯ ಹೊತ್ತಿಗೆ ಮತ್ತೆ ಹೋಟೆಲು ಸೇರಬೇಕಾದವರು. ಆದಕಾರಣ ಮಾತನ್ನು ಬೆಳೆಸುವುದಿಲ್ಲ.

2020ರ ಮಾರ್ಚಿ ತಿಂಗಳಲ್ಲಿ ಕೊರೋನಾ ಬೇನೆಯಿಂದ ದೇಶವೆಲ್ಲ ಬಾಗಿಲು ಹಾಕಿತು. ಹೋಟೆಲಿನ ಒಲೆ ಆರಿತು, ಗಿರಣಿ ನಿಂತಿತು, ಶಾಲೆಯ ಗಂಟೆಯೂ ನಿಂತಿತು. ಆಗ ನೀವು ಯಾದಗಿರಿ, ಬೀದರ, ರಾಯಚೂರು, ಕುಂದಾಪುರಗಳ ಕಡೆಗೆ ಹೇಗೆ ಹೋದಿರಿ, ಹೇಗೆ ತಿರುಗಿ ಬಂದಿರಿ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಮಕ್ಕಳ ಪಾಠ ನಿಲ್ಲಬಾರದೆಂದು ಎಲ್ಲ ಸರ್ಕಾರಗಳೂ ಏನೇನೋ ಏರ್ಪಾಡು ಮಾಡಿದವು. ಕೇರಳದಲ್ಲಿ ಜೂನ್ 1ರಿಂದಲೇ ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಎಂಬ ಪಾಠಮಾಲೆ ಹೊರಟಿತು. ಕಾಸರಗೋಡಿನ ಕನ್ನಡ ಮಕ್ಕಳಿಗಾಗಿ ಅದರಲ್ಲಿ ಕನ್ನಡ ಪಾಠಗಳೂ ಸಿದ್ಧವಾದವು. ಕರ್ನಾಟಕದಲ್ಲಿ ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ 'ಸಂವೇದ' ಪಾಠ ಬಂದಿತು. ನಮ್ಮ ತೆಲಂಗಾಣದಲ್ಲಿ ಸೆಪ್ಟೆಂಬರ್ 1ರಿಂದ ದೂರದರ್ಶನದ ಯಾದಗಿರಿ ವಾಹಿನಿ ಮತ್ತು ಟಿ-ಸ್ಯಾಟ್ ಮೂಲಕ ಪಾಠ ಆರಂಭವಾಯಿತು. (ಈ ಯಾದಗಿರಿ ನಿಮ್ಮ ಊರಲ್ಲ, ಯಾದಗಿರಿಗುಟ್ಟದ ಹೆಸರು, ಪಾಪ, ಒಬ್ಬರು ನಮ್ಮ ಊರಿನ ಟೀವಿ ಎಂದು ಹಿಗ್ಗಿದ್ದರು.)

ನನ್ನ ಆರನೆಯ ತರಗತಿಯ ಕನ್ನಡಕ್ಕೆ ಇವಾವುವೂ ನೇರವಾಗಿ ಒದಗಲಿಲ್ಲ. ಆದ್ದರಿಂದ ನಾನೂ ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿದೆ. ಪಾಠದ ಪುಟಗಳ ಚಿತ್ರ ತೆಗೆದು ಹಾಕಿದೆ. ನಾನೇ ಮಾತಾಡಿದ ವೀಡಿಯೋ ಹಾಕಿದೆ. ನೋಡಿದವರು ಹೆಬ್ಬೆಟ್ಟಿನ ಗುರುತು ಒತ್ತಬೇಕೆಂದು ಹೇಳಿದೆ. ಪ್ರತಿ ಸಂಜೆ ಹೆಬ್ಬೆಟ್ಟುಗಳನ್ನು ಎಣಿಸಿ, ಇಂದು ಇಷ್ಟು ಹಾಜರಿ ಎಂದು ಮುಖ್ಯೋಪಾಧ್ಯಾಯರಿಗೆ ತಿಳಿಸುತ್ತಿದ್ದೆ. ಮೂವತ್ತೊಂದು ಮಕ್ಕಳಲ್ಲಿ ದಿನವೂ ಇಪ್ಪತ್ತೈದು, ಇಪ್ಪತ್ತಾರು ಹೆಬ್ಬೆಟ್ಟು. ನನಗೆ ಬಹಳ ಸಮಾಧಾನ. ಶಾಲೆ ಮುಚ್ಚಿದರೂ ಪಾಠ ನಿಲ್ಲಲಿಲ್ಲವೆಂದು ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು.

2021ರ ಫೆಬ್ರವರಿಯ ಕೊನೆಯಲ್ಲಿ ಆರರಿಂದ ಎಂಟನೆಯ ತರಗತಿಗಳು ತೆರೆದವು. ಒಂದು ದಿನವೂ ಹೆಬ್ಬೆಟ್ಟು ತಪ್ಪಿಸದಿದ್ದ ಒಬ್ಬ ಹುಡುಗಿಯನ್ನು ಎಬ್ಬಿಸಿ, "ಓದು ಮಗು" ಎಂದೆ. ಪುಸ್ತಕ ಹಿಡಿದು ನಿಂತಳು. ತುಟಿ ಅಲ್ಲಾಡಿತು, ಶಬ್ದ ಬರಲಿಲ್ಲ. ಆಮೇಲೆ ಒಂದೊಂದೇ ಅಕ್ಷರ ಹೆಕ್ಕಿದಳು. ಒತ್ತಕ್ಷರ ಬಂದಲ್ಲೆಲ್ಲ ನಿಂತಳು. ಕೊನೆಗೆ ಅತ್ತುಬಿಟ್ಟಳು.

ಅವಳ ತಂದೆ ಸಿಕಂದರಾಬಾದಿನ ಒಂದು ಹೋಟೆಲಿನಲ್ಲಿ ಸಪ್ಲೈಯರ್, ತಾಯಿಗೆ ಬೇಳೆ ಗಿರಣಿಯಲ್ಲಿ ಕೆಲಸ. ನಾನು ಆ ಹೋಟೆಲಿಗೇ ಹೋಗಿ ಕೇಳಿದೆ. ಆತ ಹೆಗಲ ಮೇಲಿನ ಬಟ್ಟೆಯಲ್ಲಿ ಕೈ ಒರಸಿಕೊಳ್ಳುತ್ತ ಹೇಳಿದ:

"ಮನಿಗೆ ಇರೋದು ಒಂದೇ ಫೋನ್ ರೀ ಸರ. ಅದು ನನ್ನ ಕಿಸೇದಾಗ ಇರ್ತದ. ನಾ ಮನಿ ಮುಟ್ಟೂದು ರಾತ್ರಿ ಹನ್ನೊಂದಕ್ಕ. ಅಷ್ಟೊತ್ತಿಗೆ ಹುಡುಗಿ ಮಕ್ಕೊಂಡಿರ್ತಾಳ. ಹೆಬ್ಬಟ್ಟು ಒತ್ತಲಿಲ್ಲಂದ್ರ ಸಾಲ್ಯಾಗ ಹೆಸರು ಕಡೀತಾರೇನೋ ಅಂತ ಅಂಜಿ, ಇಲ್ಲೇ ಕೈ ತೊಳಿಯೋ ಜಾಗಾದಾಗ ನಿಂತು ದಿನಾ ನಾನೇ ಒತ್ತತಿದ್ದೆರಿ."

ಸೋದರರೆ, ಆತನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಮೇಲೆಯೇ ನನಗೆ ನಾಚಿಕೆಯಾಯಿತು. ನಮ್ಮ ತಾತಂದಿರು ಓದಲು ಬಾರದೆ ಸಾಹುಕಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಹೊಲ ಕೈಬಿಟ್ಟು ಹೋಯಿತು. ಆ ಹೆಬ್ಬೆಟ್ಟನ್ನು ಬಿಡಿಸುವುದಕ್ಕಾಗಿಯೇ ಅಲ್ಲವೆ ನಾವು ಮಕ್ಕಳನ್ನು ಶಾಲೆಗೆ ಕಳಿಸುವುದು? ಅಂಥ ಶಾಲೆಯ ಮೇಷ್ಟರಾದ ನಾನು ಒಂದು ವರ್ಷ ಹೆಬ್ಬೆಟ್ಟುಗಳನ್ನೇ ಎಣಿಸಿ, ಪಾಠವಾಯಿತೆಂದು ಬರೆದುಕೊಂಡೆ.

ಇನ್ನೂ ಒಂದು ಮಾತು. ಶಾಲೆ ತೆರೆದಾಗ ಆ ತರಗತಿಯ ಮೂರು ಮಕ್ಕಳು ಮರಳಿ ಬರಲೇ ಇಲ್ಲ. ಅವರಲ್ಲಿ ಒಬ್ಬನು ಒಂದು ಹೋಟೆಲಿನ ಹಿಂಬದಿಯಲ್ಲಿ ಲೋಟ ತೊಳೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. 2016ರಲ್ಲಿ ತಿದ್ದುಪಡಿಯಾದ ಕಾಯಿದೆಯ ಪ್ರಕಾರ ಹದಿನಾಲ್ಕು ವರ್ಷ ತುಂಬದ ಮಗುವನ್ನು ಇಂಥ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಆ ಹುಡುಗನನ್ನು ನೀವೂ ಕಂಡಿರಬಹುದು. ಕಂಡು ಸುಮ್ಮನಿರಬೇಡಿರಿ, ಸಂಘಕ್ಕೆ ಬಂದು ತಿಳಿಸಿರಿ.

ಇದು ನನ್ನೊಬ್ಬನ ತರಗತಿಯ ಕಥೆಯೆಂದು ತಿಳಿಯಬೇಡಿ. ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕಲಿಕೆಯನ್ನು ವಿಚಾರಿಸುವ 'ಅಸರ್' ಎಂಬ ಸಮೀಕ್ಷೆಯುಂಟು. ಅದರ ಪ್ರಕಾರ ಶಾಲೆಗೆ ಹೆಸರು ಹಚ್ಚಿದ ಮಕ್ಕಳಲ್ಲಿ 2018ರಲ್ಲಿ ನೂರಕ್ಕೆ ಸುಮಾರು 36 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನು ಇತ್ತು. 2021ರಲ್ಲಿ ಅದು ಸುಮಾರು 67ಕ್ಕೆ ಏರಿತು. ಕೇಳಿದರೆ ಸಂತೋಷವೇ. ಆದರೆ ಫೋನು ಇದ್ದ ಆ ಮನೆಗಳಲ್ಲಿಯೂ ನೂರಕ್ಕೆ 26 ಮಕ್ಕಳ ಕೈಗೆ ಅದು ಸಿಗುತ್ತಲೇ ಇರಲಿಲ್ಲ. ಮನೆಯಲ್ಲಿ ಫೋನು ಇರುವುದು ಬೇರೆ, ಮಗುವಿನ ಕೈಗೆ ಬರುವುದು ಬೇರೆ. ಯಜಮಾನನ ಮನೆಯಲ್ಲಿ ತಲೆಗೊಂದು ಫೋನು. ದುಡಿಯುವವನ ಮನೆಯಲ್ಲಿ ಎಲ್ಲರಿಗೂ ಸೇರಿ ಒಂದು, ಅದೂ ದುಡಿಯಲು ಹೋದವನ ಕಿಸೆಯಲ್ಲಿ. ಕೊಂಡರೂ ನೆಟ್‌ವರ್ಕ್ ಬೇಕಲ್ಲ! 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಒಂದು ಹಳ್ಳಿಯ ರಸ್ತೆ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ಪತ್ರಿಕೆಗಳಲ್ಲಿ ನೀವು ನೋಡಿರಬಹುದು.

ಹಾಗಾದರೆ ಫೋನು ಬೇಡವೆ? ಬೇಡವೆನ್ನಲು ನಾನು ಇಲ್ಲಿಗೆ ಬಂದಿಲ್ಲ. ಹೋಟೆಲಿಗೆ ರುಬ್ಬುವ ಯಂತ್ರ ಬಂದಿತು. ಒರಳು ತಿರುವಿ ತಿರುವಿ ಸೋತ ತೋಳಿಗೆ ಅದರಿಂದ ಬಿಡುಗಡೆಯಾಯಿತು, ಒಳ್ಳೆಯದೇ ಆಯಿತು. ಆದರೆ ಹಿಟ್ಟಿಗೆ ನೀರೆಷ್ಟು, ಇಂದಿನ ಸೆಕೆಗೆ ಹುಳಿ ಎಷ್ಟು ಹೊತ್ತಿಗೆ ಬಂದೀತು ಎಂಬುದು ಯಂತ್ರಕ್ಕೆ ಗೊತ್ತೆ? ಅದು ಭಟ್ಟರ ಕೈಗೆ ಗೊತ್ತು. ನೂಲಿನ ಗಿರಣಿಯಲ್ಲಿ ದುಡಿದವರನ್ನು ಕೇಳಿರಿ: ಯಂತ್ರ ಎಷ್ಟೇ ವೇಗವಾಗಿ ಓಡಲಿ, ಎಳೆ ಕಡಿದ ಜಾಗವನ್ನು ಕಂಡು ಸೇರಿಸುವ ಕೈ ಒಂದು ಬೇಕು. ಪಾಠವೂ ಹೀಗೆಯೆ. ಮಗುವಿನ ಎಳೆ ಎಲ್ಲಿ ಕಡಿಯಿತೆಂದು ಕಾಣುವವನು ಉಪಾಧ್ಯಾಯ. ನಾನು ಯಂತ್ರವನ್ನು ಓಡಿಸಿದೆ, ಎಳೆಯನ್ನು ನೋಡಲಿಲ್ಲ. ನನ್ನ ತಪ್ಪು ಇಷ್ಟೆ.

2021ರ ಮಾರ್ಚಿಯಲ್ಲಿ ಶಾಲೆಗಳು ಮತ್ತೆ ಮುಚ್ಚಿದವು, ತೆರೆದದ್ದು ಸೆಪ್ಟೆಂಬರಿನಲ್ಲಿ. ಈ ಸಲ ಬೇರೆ ರೀತಿ ಮಾಡಿದೆ. ವೀಡಿಯೋ ಕಳಿಸುವುದನ್ನು ನಿಲ್ಲಿಸಿದೆ. ಪಾಠ ಪುಸ್ತಕದಲ್ಲೇ ಇರಲಿ, ಫೋನು ಟಪಾಲಿನವನ ಕೆಲಸ ಮಾತ್ರ ಮಾಡಲಿ ಎಂದೆ. ದಿನಕ್ಕೆ ಐದು ಸಾಲು. ಬೆಳಿಗ್ಗೆ ತಂದೆ ಕೆಲಸಕ್ಕೆ ಹೊರಡುವ ಮುಂಚೆ ಮಗು ಆ ಐದು ಸಾಲನ್ನು ಫೋನಿಗೆ ಓದಿ, ಧ್ವನಿಯನ್ನು ನನಗೊಬ್ಬನಿಗೆ ಕಳಿಸಬೇಕು. ಒಂದು ನಿಮಿಷದ ಕೆಲಸ, ಡೇಟಾ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ನಾನು ಕೇಳಿ, ಹೆಸರು ಹಿಡಿದು ಮಾತಾಡಿಸಿ, ಎಲ್ಲಿ ತಪ್ಪಿತು, ಹೇಗೆ ಹೇಳಬೇಕು ಎಂದು ಧ್ವನಿಯಲ್ಲೇ ಉತ್ತರ ಕಳಿಸುತ್ತಿದ್ದೆ. ನನಗೆ ದಿನಕ್ಕೆ ಎರಡು ತಾಸು ಹಿಡಿಯಿತು. ಆದರೆ ಯಾರಿಗೆ ಒತ್ತಕ್ಷರ ಬಾರದು, ಯಾರು ಹಕಾರ ನುಂಗುತ್ತಾರೆ, ಯಾರು ಓದದೆ ಬಾಯಿಪಾಠ ಒಪ್ಪಿಸುತ್ತಾರೆ ಎಂಬುದು ಒಂದೇ ವಾರದಲ್ಲಿ ತಿಳಿಯಿತು. ಮೂವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ಓದನ್ನು ಇಷ್ಟು ಸಾವಕಾಶವಾಗಿ ನಾನು ಎಂದೂ ಕೇಳಿರಲಿಲ್ಲ. ಇದು ಫೋನಿನಿಂದಲೇ ಆದ ಉಪಕಾರ, ಅದನ್ನು ಮುಚ್ಚಿಡಬಾರದು.

ಇನ್ನೊಂದು ಲಾಭವನ್ನು ನಾನು ಎಣಿಸಿಯೇ ಇರಲಿಲ್ಲ. ಆ ಹುಡುಗಿಯ ತಾಯಿಗೆ ಓದು ಬಾರದು. ವೀಡಿಯೋ ಬಂದಾಗ ಅದು ಮೇಷ್ಟರ ವಿಷಯವೆಂದು ದೂರ ನಿಲ್ಲುತ್ತಿದ್ದವಳು, ಮಗಳು ಗಟ್ಟಿಯಾಗಿ ಓದತೊಡಗಿದ ಮೇಲೆ ಪಕ್ಕದಲ್ಲಿ ಕುಳಿತಳು. ಅಕ್ಷರ ತಿಳಿಯದಿದ್ದರೂ ಮಗಳು ತೊದಲಿದ್ದು ತಾಯಿಯ ಕಿವಿಗೆ ತಿಳಿಯದೆ ಇರುತ್ತದೆಯೆ? "ಮತ್ತೊಮ್ಮೆ ಓದು" ಎನ್ನುವುದಕ್ಕೆ ಓದು ಬರಬೇಕಾಗಿಲ್ಲ. ಆ ಹುಡುಗಿ 2025ರಲ್ಲಿ ಹತ್ತನೆಯ ತರಗತಿ ಮುಗಿಸಿದಳು. ಮೊದಲ ದರ್ಜೆಯೇನೂ ಬರಲಿಲ್ಲ. ಆದರೆ ತಂದೆಯ ಬ್ಯಾಂಕಿನ ಕಾಗದವನ್ನು ಅವಳೇ ಓದಿ ಹೇಳುತ್ತಾಳೆ.

ಈ ಪಾಠವೇನೂ ಹೊಸದಲ್ಲ. ನಮ್ಮ ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಒಂದು ಉಪಗ್ರಹವನ್ನು ಎರವಲು ಪಡೆದು, ನಮ್ಮ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠವನ್ನು ಮುಟ್ಟಿಸಿದರು. 'ಸೈಟ್' ಎಂದು ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ಅದು ಬಂದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ, ಎಂದರೆ ನಿಮ್ಮಲ್ಲಿ ಬಹುಮಂದಿಯ ಸೀಮೆಗೆ. ಆ ಕನ್ನಡ ಕಾರ್ಯಕ್ರಮಗಳ ತಯಾರಿಕೆಯ ಕೇಂದ್ರವಿದ್ದದ್ದು ನಮ್ಮ ಈ ಹೈದರಾಬಾದಿನಲ್ಲಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಊರಿಗೆಲ್ಲ ಸೇರಿ ಒಂದು ಪೆಟ್ಟಿಗೆ. ಎಲ್ಲರೂ ಕೂಡಿ ಕುಳಿತು ನೋಡುವುದು. ಇಷ್ಟೇ ಅಲ್ಲದೆ, ಅದರ ಮೂಲಕವೇ ಸಾವಿರಾರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನ ಪಾಠದ ತರಬೇತಿಯನ್ನೂ ಕೊಟ್ಟರು. ಇದರಿಂದ ನಾವು ಮೂರು ಮಾತು ಕಲಿಯಬೇಕು. ಉಪಕರಣ ಒಂದೇ ಇದ್ದರೂ ಕೂಡಿ ಕುಳಿತರೆ ಹಲವರಿಗೆ ಸಾಕಾಗುತ್ತದೆ. ಮಗುವಿಗೆ ಮುಂಚೆ ಮೇಷ್ಟರಿಗೆ ಕಲಿಸಬೇಕು. ಮೂರನೆಯದು, ಎರವಲು ತಂದ ವಸ್ತುವನ್ನು ನಂಬಿ ಮನೆ ಕಟ್ಟಬಾರದು: ವರ್ಷ ಮುಗಿಯಿತು, ಉಪಗ್ರಹ ಕೊಟ್ಟವರು ಅದನ್ನು ಹಿಂದಕ್ಕೆ ಪಡೆದರು, ಆ ಪ್ರಸಾರವೂ ನಿಂತಿತು. ಇಂದಿನ ವಾಟ್ಸಾಪು, ಯೂಟ್ಯೂಬುಗಳೂ ಪರರ ವಸ್ತುಗಳೇ. ನಾಳೆ ಅವರು ನಿಯಮ ಬದಲಿಸಿದರೆ ನಮ್ಮನ್ನು ಕೇಳುವುದಿಲ್ಲ.

ಆದರೆ ಹಣ ಕೊಡದೆ, ನಮ್ಮ ಭಾಷೆಯಲ್ಲೇ ಸಿಗುವ ಒಳ್ಳೆಯ ಸಾಮಗ್ರಿಯೂ ಉಂಟು. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ದೀಕ್ಷಾ' ಎಂಬುದೊಂದಿದೆ. ಪಠ್ಯಪುಸ್ತಕಗಳಲ್ಲಿ ಪಾಠದ ಬಳಿ ಅಚ್ಚಾಗಿರುವ ಕಪ್ಪು ಚೌಕದ ಗುರುತಿಗೆ, ನೀವು ಗಿರಾಕಿಗಳಿಂದ ಹಣ ಪಡೆಯಲು ಗಲ್ಲೆಯ ಮೇಲೆ ಇಟ್ಟಿರುವಂಥದೇ ಅದು, ಫೋನು ಹಿಡಿದರೆ ಆ ಪಾಠಕ್ಕೆ ಸೇರಿದ ಸಾಮಗ್ರಿ ತೆರೆಯುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ 'ಸ್ಟೋರಿವೀವರ್' ತಾಣದಲ್ಲಿ ಮಕ್ಕಳ ಕನ್ನಡ ಕಥೆಗಳು ಚಿತ್ರಸಹಿತ ಸಿಗುತ್ತವೆ. 2003ರಿಂದ ಕನ್ನಡ ವಿಕಿಪೀಡಿಯ ಇದೆ. ಈ ಊರಿನ ಕನ್ನಡಿಗರಿಗೆ ಇದು ಸಣ್ಣ ಮಾತಲ್ಲ. ನಮ್ಮ ಮಕ್ಕಳು ಇಲ್ಲಿ ತೆಲುಗು ಕಲಿಯಲೇಬೇಕು. 2018ರ ಕಾಯಿದೆ ಹಾಗಿದೆ, ನೆಲದ ಭಾಷೆ ಕಲಿಯುವುದು ಧರ್ಮವೂ ಹೌದು. ಇಂಗ್ಲಿಷೂ ಬೇಕು. ಇವೆರಡರ ನಡುವೆ ಮನೆಯ ಕನ್ನಡಕ್ಕೆ ಬಹಳ ಶಾಲೆಗಳಲ್ಲಿ ಜಾಗವಿಲ್ಲ. ಆ ಜಾಗವನ್ನು ಫೋನಿನಿಂದ ಸ್ವಲ್ಪವಾದರೂ ತುಂಬಬಹುದು, ಪಕ್ಕದಲ್ಲಿ ಕೇಳುವ ಒಬ್ಬ ಮನುಷ್ಯನಿದ್ದರೆ.

ಇನ್ನು ಎಚ್ಚರಿಕೆಯ ಮಾತು. ಅದೇ 'ಅಸರ್' ಸಮೀಕ್ಷೆ 2024ರಲ್ಲಿ ಹದಿನಾಲ್ಕರಿಂದ ಹದಿನಾರು ವರ್ಷದವರನ್ನು ಕೇಳಿತು. ಹಿಂದಿನ ಒಂದು ವಾರದಲ್ಲಿ ಫೋನನ್ನು ಕಲಿಕೆಗೆ ಬಳಸಿದವರು ನೂರಕ್ಕೆ 57. ಜಾಲತಾಣಗಳ ಹರಟೆಗೆ ಬಳಸಿದವರು 76. ಪಾಠದ ಹೆಸರಿನಲ್ಲಿ ಕೊಟ್ಟ ಫೋನು ಎಲ್ಲಿಗೆ ಹೋಗುತ್ತದೆಂಬುದು ಇದರಲ್ಲೇ ಇದೆ. ವಾಟ್ಸಾಪು ನಡೆಸುವವರೇ ಹದಿಮೂರು ವರ್ಷ ತುಂಬದವರಿಗೆ ಖಾತೆ ಇಲ್ಲವೆನ್ನುತ್ತಿದ್ದರು. ಆಸ್ಟ್ರೇಲಿಯಾ ದೇಶದಲ್ಲಿ 2025ರ ಡಿಸೆಂಬರ್ 10ರಿಂದ, ಹದಿನಾರು ತುಂಬದವರಿಗೆ ದೊಡ್ಡ ಜಾಲತಾಣಗಳಲ್ಲಿ ಖಾತೆ ಕೂಡದೆಂಬ ಕಾಯಿದೆ ಜಾರಿಗೆ ಬಂದಿದೆ. ನಮ್ಮ ದೇಶದಲ್ಲೂ 2023ರ ಕಾಯಿದೆಯೊಂದು, ಹದಿನೆಂಟು ತುಂಬದ ಮಕ್ಕಳ ವಿವರಗಳನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದು ಹೇಳುತ್ತದೆ. ಕೇಳಿದ ಪ್ರಶ್ನೆಗೆಲ್ಲ ಉತ್ತರ ಬರೆದುಕೊಡುವ ಯಂತ್ರವೂ 2022ರ ಕೊನೆಯಿಂದ ಎಲ್ಲರ ಕೈಗೆ ಸಿಕ್ಕಿದೆ. ಅದು ಬರೆದದ್ದನ್ನು ಮಗು ನಕಲು ಮಾಡಿದರೆ, ತಂದೆ ಒತ್ತಿದ ಹೆಬ್ಬೆಟ್ಟಿಗೂ ಅದಕ್ಕೂ ಏನು ವ್ಯತ್ಯಾಸ? ಮತ್ತೊಬ್ಬರು ಉಂಡರೆ ನಮ್ಮ ಹೊಟ್ಟೆ ತುಂಬೀತೆ?

ದುಡ್ಡಿನ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಫೋನಿನಲ್ಲಿ ಪಾಠ ಮಾರುವ ಕಂಪನಿಗಳ ಜನ ಮನೆಗೆ ಬಂದು, ನಿಮ್ಮ ಮಗ ಡಾಕ್ಟರಾಗುತ್ತಾನೆಂದು ಆಸೆ ಹುಟ್ಟಿಸಿ, ಕಂತಿನ ಮೇಲೆ ಸಾಲ ಮಾಡಿಸುವುದುಂಟು. ತಿಂಗಳ ಬಟವಾಡೆ ಬ್ಯಾಂಕಿಗೆ ಬಂದ ಕೂಡಲೆ ಕಂತು ತಾನಾಗಿ ಕಡಿದುಹೋಗುತ್ತದೆ. ಮಗು ಪಾಠ ನೋಡಿತೋ ಬಿಟ್ಟಿತೋ ಅವರಿಗೆ ಬೇಕಾಗಿಲ್ಲ. ಇಂಥವರ ವಿಷಯದಲ್ಲಿ ಜಾಗರೂಕರಾಗಿರಬೇಕೆಂದು ಕೇಂದ್ರದ ಶಿಕ್ಷಣ ಇಲಾಖೆಯೇ 2021ರ ಡಿಸೆಂಬರಿನಲ್ಲಿ ಪ್ರಕಟಣೆ ಹೊರಡಿಸಿತು. ಫೋನಿನ ಮೇಲೆ 'ಒಪ್ಪಿದೆ' ಎಂಬಲ್ಲಿ ಬೆರಳು ಒತ್ತುವುದೂ ಸಾಹುಕಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಂತೆಯೇ. ಯಾರಾದರೂ ಓದಿ ಹೇಳದೆ ಒತ್ತಬೇಡಿರಿ. ಸಂಘಕ್ಕೆ ತನ್ನಿ, ನಾವು ಓದಿ ಹೇಳುತ್ತೇವೆ.

ಕೊನೆಯದಾಗಿ, ಸಂಘದ ಮುಂದೆ ಐದು ಸಲಹೆಗಳನ್ನು ಇಡುತ್ತೇನೆ.

ಮೊದಲನೆಯದು: ವಾರದಲ್ಲಿ ಎರಡು ದಿನ, ಹೋಟೆಲಿನವರಿಗೆ ಬಿಡುವಿರುವ ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ, ಮತ್ತು ಭಾನುವಾರ ಬೆಳಿಗ್ಗೆ, ಈ ಕೋಣೆಯಲ್ಲೇ ಮಕ್ಕಳು ಕೂಡಲಿ. ಒಂದೇ ಪರದೆ ಸಾಕು. ಐದು ನಿಮಿಷ ನೋಡುವುದು, ಅರ್ಧ ಗಂಟೆ ಓದುವುದು, ಬರೆಯುವುದು, ಕೇಳುವುದು.

ಎರಡನೆಯದು: ನೋಡಬೇಕಾದದ್ದನ್ನು ಇಲ್ಲಿಯೇ ಮುಂಚಿತವಾಗಿ ಇಳಿಸಿಟ್ಟುಕೊಂಡರೆ ಯಾರ ಡೇಟಾ ಕೂಡ ಖರ್ಚಾಗುವುದಿಲ್ಲ.

ಮೂರನೆಯದು: ಮೇಷ್ಟರ ಗುಂಪಿನಲ್ಲಿ ಪಾಠ ಬಿಟ್ಟು ಬೇರೇನೂ ಬರಕೂಡದು. ಹಬ್ಬದ ಶುಭಾಶಯ, ರಾಜಕೀಯ, ಸುಳ್ಳು ಸುದ್ದಿ, ಯಾವುದೂ ಬೇಡ. ಮಕ್ಕಳ ಫೋಟೋ, ಅಂಕಪಟ್ಟಿ ಅಲ್ಲಿ ಹಾಕಕೂಡದು. ತಪ್ಪನ್ನು ಮಗುವಿಗೊಬ್ಬನಿಗೇ ಹೇಳಬೇಕು, ಹೊಗಳಿಕೆಯನ್ನು ಎಲ್ಲರ ಮುಂದೆ ಹೇಳಬಹುದು.

ನಾಲ್ಕನೆಯದು: ಫೋನು ತಂದೆತಾಯಿಗಳದ್ದೇ ಆಗಿರಲಿ. ಪಾಠ ಮುಗಿದೊಡನೆ ಅವರ ಕೈಗೆ ಮರಳಲಿ.

ಐದನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಷ್ಟ: ನೀವು ರಾತ್ರಿ ಎಷ್ಟು ಹೊತ್ತಿಗೇ ಮನೆಗೆ ಹೋಗಲಿ, ದಿನಕ್ಕೆ ಒಂದು ನಿಮಿಷ ಮಗುವಿನ ಓದನ್ನು ಕಿವಿಯಾರೆ ಕೇಳಿರಿ. ಮಗು ಮಲಗಿದ್ದರೆ ಬೆಳಿಗ್ಗೆ ಕೇಳಿರಿ. ದೂರದ ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟುಬಂದಿದ್ದರೆ ಫೋನು ಮಾಡಿ ಓದಿಸಿ ಕೇಳಿರಿ. ಫೋನನ್ನು ಪಾಠಕ್ಕೆ ಬಳಸುವ ರೀತಿಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ತಿಳಿಯದು.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಹೆಸರನ್ನು ನೀವು ಕೇಳಿದ್ದೀರಿ. ಹಗಲು ಹೋಟೆಲಿನಲ್ಲಿ ದುಡಿದ ನಮ್ಮ ಹುಡುಗರು ರಾತ್ರಿ ಅಲ್ಲಿ ಕುಳಿತು ಕಲಿತು, ಬಾಳಿನಲ್ಲಿ ಮುಂದೆ ಬಂದರು. ಅಲ್ಲಿ ಇದ್ದದ್ದು ಏನು? ಒಂದು ಕರೀಹಲಗೆ, ಒಂದು ದೀಪ, ದಣಿದ ಹುಡುಗನ ಓದನ್ನು ತಾನೂ ದಣಿದಿದ್ದರೂ ಕೂತು ಕೇಳುವ ಒಬ್ಬ ಮೇಷ್ಟರು. ಹಲಗೆಯ ಜಾಗಕ್ಕೆ ಇಂದು ಫೋನು ಬಂದಿರಬಹುದು. ಕೇಳುವವನ ಜಾಗಕ್ಕೆ ಬೇರೇನೂ ಬಂದಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಾನು ಈ ಕೋಣೆಯಲ್ಲಿ ಇರುತ್ತೇನೆ. ನಿಮ್ಮ ಮಕ್ಕಳನ್ನು ಕಳಿಸಿರಿ. ಪುಸ್ತಕ, ಪೆನ್ಸಿಲು ತರಲಿ. ಫೋನು ಇಲ್ಲದಿದ್ದರೂ ಚಿಂತೆಯಿಲ್ಲ.